ಮೈ ಗಟ್ಟಿಯಾಯಿತು, ಮನಸ್ಸು ಮಾತ್ರ ನಡುವೆ ಕೈ ಕೊಡುತ್ತದೆ. ಏನು ಮಾಡಲಿ?

ಪ್ರಶ್ನೆ: ನನಗೆ 31 ವರ್ಷ. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಜಿಮ್‌ನಲ್ಲಿ ತೂಕ ಎತ್ತುತ್ತೇನೆ, ಎರಡು ದಿನ ಓಡುತ್ತೇನೆ. ಎಲ್ಲವೂ ಆಫೀಸ್ ಮುಗಿದ ಮೇಲೆ, ಸಂಜೆ. ನನ್ನದು ದಿನವಿಡೀ ಲೆಕ್ಕಪತ್ರ ನೋಡುವ ಕೆಲಸ. ದೇಹ ಬದಲಾಗಿದೆ, ಆದರೆ ಮನಸ್ಸು ಇದ್ದಲ್ಲೇ ಇದೆ. ಓಟ ಸ್ವಲ್ಪ ಕಷ್ಟವಾದರೂ ನಿಂತುಬಿಡುತ್ತೇನೆ. ಎರಡು ನಿಮಿಷ ಕಳೆದ ಮೇಲೆ ಇನ್ನೂ ಓಡಬಹುದಿತ್ತಲ್ಲ ಅನ್ನಿಸುತ್ತದೆ. ಒಂದು ದಿನ ತಪ್ಪಿದರೆ ಇಡೀ ವಾರ ಹಾಳು. ಆಮೇಲೆ ನನಗೆ ನಾನೇ ಶಿಕ್ಷೆ ಕೊಟ್ಟುಕೊಂಡು ಡಬಲ್ ವ್ಯಾಯಾಮ ಮಾಡುತ್ತೇನೆ. ಗೆಳೆಯನೊಬ್ಬ ‘21 ದಿನ ಬೆಳಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ ಮಾಡು, ಶಿಸ್ತು ತಾನಾಗಿ ಬರುತ್ತದೆ’ ಅನ್ನುತ್ತಾನೆ. ಟ್ರೇನರ್ ‘ಸೋತೆ ಅಂತ ಮನಸ್ಸು ಹೇಳುವಾಗ ನೀವು ಖರ್ಚು ಮಾಡಿರುವುದು ಬರೀ 40%, ವಾಂತಿ ಬರುವವರೆಗೆ ಮಾಡಿ’ ಅನ್ನುತ್ತಾರೆ. ಇತ್ತೀಚೆಗೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯಲ್ಲಿ ನೋವೂ ಇದೆ. ನನಗೆ ಇಚ್ಛಾಶಕ್ತಿಯೇ ಇಲ್ಲವೇ? ದೇಹದ ಜೊತೆ ಮನಸ್ಸನ್ನೂ ಪಳಗಿಸುವುದು ಹೇಗೆ?

ಉತ್ತರ: ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ವಿಷಯದಿಂದಲೇ ಶುರು ಮಾಡುತ್ತೇನೆ. ಆ ಮೂಳೆ ನೋವು. ನೋವು ಮೂಳೆಯ ಉದ್ದಕ್ಕೂ ಹರಡಿಕೊಂಡಿದೆಯೋ, ಇಲ್ಲ ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವಂತಿದೆಯೋ? ಒಂಟಿ ಕಾಲಲ್ಲಿ ಕುಪ್ಪಳಿಸಿದರೆ, ರಾತ್ರಿ ಸುಮ್ನೆ ಮಲಗಿದ್ದಾಗಲೂ ನೋಯುತ್ತದೆಯೋ? ಒಂದೇ ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಶುರುವಾಗಿರಬಹುದು. ಆಗ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಇದಕ್ಕೂ ಇಚ್ಛಾಶಕ್ತಿಗೂ ಸಂಬಂಧವಿಲ್ಲ. ಬಿರುಕು ಬಿಟ್ಟ ಮೂಳೆಯ ಮೇಲೆ ಛಲ ಬಿಡದೆ ಓಡಿದರೆ ಬಿರುಕು ದೊಡ್ಡದಾಗುತ್ತದೆ, ಅಷ್ಟೇ. ಎಕ್ಸ್‌ರೇಯಲ್ಲಿ ಶುರುವಿನಲ್ಲಿ ಏನೂ ಕಾಣದೇ ಇರಬಹುದು. ಹಾಗಾಗಿ ‘ಎಕ್ಸ್‌ರೇ ನಾರ್ಮಲ್’ ಅಂತ ಮತ್ತೆ ಓಡಲು ಹೋಗುವ ಮುಂಚೆ ವೈದ್ಯರ ಹತ್ತಿರ ಇನ್ನೊಮ್ಮೆ ಮಾತಾಡಿ.

ಇನ್ನು ಮನಸ್ಸಿನ ಮಾತು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ನೀವು ಎರಡಕ್ಕೂ ‘ಇಚ್ಛಾಶಕ್ತಿ ಇಲ್ಲ’ ಅಂತ ಒಂದೇ ಹೆಸರು ಕೊಟ್ಟಿದ್ದೀರಿ. ಓಡುತ್ತಿರುವಾಗ ನಡುವೆ ನಿಲ್ಲುವುದು ಒಂದು. ಒಂದು ದಿನ ತಪ್ಪಿದ ಮೇಲೆ ವಾಪಸ್ ಬರಲಾಗದೆ ಇರುವುದು ಇನ್ನೊಂದು. ಮೊದಲನೆಯದು ದಣಿವು ಮತ್ತು ಗಮನದ ವಿಷಯ, ಎರಡನೆಯದು ವ್ಯವಸ್ಥೆ ಮತ್ತು ಬೇಸರದ ವಿಷಯ. ಎರಡಕ್ಕೂ ಒಂದೇ ಮದ್ದು ಹುಡುಕುವುದರಿಂದಲೇ ಜನ ವರ್ಷಗಟ್ಟಲೆ ಒದ್ದಾಡುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿ ಹೀಗೇ. ಕೆಲಸದಲ್ಲಿ, ಮನೆಯಲ್ಲಿ ಹಿಡಿದ ಕೆಲಸ ಬಿಡದವರು. ಟ್ರೆಡ್‌ಮಿಲ್ ಹತ್ತಿದ ಮೇಲೆ ಮಾತ್ರ ‘ನಾನು ದುರ್ಬಲ’ ಅಂತ ತೀರ್ಪು ಕೊಟ್ಟುಕೊಳ್ಳುವವರು.

ಮೈ ಗಟ್ಟಿಯಾದರೆ ಮನಸ್ಸು ತಾನಾಗಿ ಗಟ್ಟಿಯಾಗುತ್ತದೆಯೇ? ಸ್ವಲ್ಪ ಮಟ್ಟಿಗೆ, ಮಾಡಿದ ಕೆಲಸದ ಮಟ್ಟಿಗೆ. ಸ್ಕ್ವಾಟ್ ಮಾಡಿದವರಿಗೆ ಸ್ಕ್ವಾಟ್‌ನ ಉರಿ ಪರಿಚಯವಾಗುತ್ತದೆ, ಅದಕ್ಕೆ ಹೆದರುವುದು ಕಡಿಮೆಯಾಗುತ್ತದೆ. ಆದರೆ ಅದೇ ತಾಳ್ಮೆ ಓಟಕ್ಕೆ, ಓದಿಗೆ, ಸಿಟ್ಟು ತಡೆಯುವುದಕ್ಕೆಲ್ಲ ಹರಿದು ಬರುತ್ತದೆ ಅನ್ನುವುದು ಆಸೆಯ ಮಾತು. ಒಂದು ಕಡೆ ಸಂಯಮ ಅಭ್ಯಾಸ ಮಾಡಿಸಿ ಬೇರೆ ಕಡೆ ಅಳೆದು ನೋಡಿದ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಸಿಕ್ಕಿದ ಲಾಭ ಸಣ್ಣದು. ಅದಕ್ಕೇ ನಿಮಗೆ ಓಟದಲ್ಲಿ ಮನಸ್ಸು ಬೇಕಿದ್ದರೆ ಅದನ್ನು ಓಟದಲ್ಲೇ ಅಭ್ಯಾಸ ಮಾಡಬೇಕು. ಎರಡು ವರ್ಷ ನೀವು ಕಾಲಿಗೆ ತರಬೇತಿ ಕೊಟ್ಟಿದ್ದೀರಿ, ಮನಸ್ಸಿಗೆ ಬೈದಿದ್ದೀರಿ. ಬೈಗುಳ ತರಬೇತಿ ಅಲ್ವಲ್ಲ.

ಈಗ ಸಂಜೆ ಓಡುವಾಗ ಏನಾಗುತ್ತದೆ ನೋಡೋಣ. 2009ರಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. 16 ಜನರು ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಕದಲಿಸದೆ ಮಾಡಬೇಕಾದ ಕೆಲಸ ಮಾಡಿದರು, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿದರು. ಎರಡೂ ದಿನ ಆಮೇಲೆ ಸೈಕಲ್ ತುಳಿಯಬೇಕು, ಇನ್ನು ಆಗಲ್ಲ ಅನ್ನುವವರೆಗೆ. ತಲೆ ದಣಿದಿದ್ದ ದಿನ ಅವರು ಸರಾಸರಿ ಸುಮಾರು 15% ಬೇಗ ಕೈಬಿಟ್ಟರು. ಹೃದಯ, ಶ್ವಾಸಕೋಶ, ಸ್ನಾಯುಗಳ ಅಳತೆಗಳನ್ನು ನೋಡಿದರೆ ಅದಕ್ಕೆ ಕಾರಣ ಸಿಗಲಿಲ್ಲ. ಬೇರೆಯಾಗಿದ್ದದ್ದು ಒಂದೇ: ಅದೇ ವೇಗ ಅವರಿಗೆ ಮೊದಲಿಂದಲೂ ಜಾಸ್ತಿ ಕಷ್ಟ ಅನ್ನಿಸಿತು. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು ಅಳೆಯಲು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರವರೆಗಿನ ಮಾಪಕ ಇದೆ, ಅದರಲ್ಲಿ 6 ಅಂದರೆ ಸುಮ್ನೆ ಕೂತಂತೆ, 20 ಅಂದರೆ ಪ್ರಾಣ ಹೋಗುವಷ್ಟು. ತಲೆ ದಣಿದವರು ಆ ಮೇಲಿನ ತುದಿಗೆ ಬೇಗ ತಲುಪಿದರು, ಬೇಗ ನಿಲ್ಲಿಸಿದರು.

ದಿನವಿಡೀ ಅಂಕಿ ನೋಡಿ ನೇರ ಓಟಕ್ಕೆ ಇಳಿಯುವ ನೀವು ಈ ಪ್ರಯೋಗದ ಕಷ್ಟದ ದಿನವನ್ನೇ ವಾರಕ್ಕೆ ಎರಡು ಸಲ ಮಾಡುತ್ತಿದ್ದೀರಿ. ‘ಎರಡು ನಿಮಿಷ ಕಳೆದ ಮೇಲೆ ಇನ್ನೂ ಓಡಬಹುದಿತ್ತು’ ಅಂತ ನಿಮಗೆ ಅನ್ನಿಸುವುದೂ ಸುಳ್ಳಲ್ಲ. ಕಾಲಲ್ಲಿ ಶಕ್ತಿ ಇತ್ತು. ಕಷ್ಟದ ಲೆಕ್ಕ ಮಾತ್ರ ಮೇಲೆ ಹೋಗಿತ್ತು.

ಇಲ್ಲಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಸಂಗತಿ ಇದೆ. ತಲೆಯ ದಣಿವು ಹೀಗೆ ಹೊಡೆಯುವುದು ಮುಖ್ಯವಾಗಿ ದೀರ್ಘ ಓಟ, ಸೈಕಲ್ ಥರದ ಕೆಲಸಕ್ಕೆ. ಒಂದೇ ಸಲ ಪೂರ್ತಿ ಬಲ ಹಾಕುವ ಕೆಲಸಕ್ಕೆ, ಚಿಕ್ಕ ಸ್ಪ್ರಿಂಟ್‌ಗೆ ಅಷ್ಟಾಗಿ ಅಲ್ಲ. ಹಾಗಾದರೆ ತೂಕ ಎತ್ತುವುದು ಸಂಜೆಗೇ ಇರಲಿ. ಎರಡು ಓಟಗಳಲ್ಲಿ ಕಷ್ಟದ್ದನ್ನು ರಜಾದಿನದ ಬೆಳಗ್ಗೆಗೆ ಹಾಕಿ. ಇನ್ನೊಂದನ್ನು ಸಂಜೆಯೇ ಓಡಿ, ಆದರೆ ಮಾತಾಡುತ್ತಾ ಓಡಬಹುದಾದಷ್ಟು ನಿಧಾನವಾಗಿ. ಆಫೀಸಿಗೂ ಓಟಕ್ಕೂ ನಡುವೆ ಅರ್ಧ ಗಂಟೆ ಬಿಡುವು ಕೊಡಿ, ಆ ಅರ್ಧ ಗಂಟೆಯಲ್ಲಿ ಫೋನ್ ಬೇಡ. ಫೋನ್ ನೋಡುವುದು ವಿಶ್ರಾಂತಿ ಅನ್ನಿಸುತ್ತದೆ, ಆದರೆ ಗಮನಕ್ಕೆ ಅದೂ ಕೆಲಸವೇ. ಇಷ್ಟು ಮಾಡಿದ ಕೂಡಲೇ ‘ನನ್ನ ಇಚ್ಛಾಶಕ್ತಿ ಜಾಸ್ತಿಯಾಯಿತು’ ಅನ್ನುವವರನ್ನು ನೋಡಿದ್ದೇನೆ. ಬದಲಾಗಿದ್ದು ವೇಳಾಪಟ್ಟಿ ಅಷ್ಟೇ.

ಇಚ್ಛಾಶಕ್ತಿ ಅನ್ನುವುದು ಸ್ವಲ್ಪ ಬಳಸಿದರೂ ಖಾಲಿಯಾಗುವ ಟ್ಯಾಂಕ್ ಅಂತ ನೀವು ಓದಿರಬಹುದು. ಆ ಮಾತು ಹಬ್ಬಿದ್ದು 1998ರ ಒಂದು ಪ್ರಯೋಗದಿಂದ. ಚಾಕೊಲೇಟ್ ಮುಟ್ಟದೆ ಮೂಲಂಗಿ ತಿನ್ನಬೇಕಾದವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು ಅಂತ. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದೇ ಕಲ್ಪನೆಯನ್ನು ಬೇರೊಂದು ಚಿಕ್ಕ ಕೆಲಸದ ಮೂಲಕ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಇದರ ಬಗ್ಗೆ ಇನ್ನೂ ಜಗಳ ನಡೆದಿದೆ. ನಿಮ್ಮ ಮಟ್ಟಿಗೆ ಇಷ್ಟು ಸಾಕು: ಬೆಳಗ್ಗೆ ಒಂದು ಸಿಹಿ ಬೇಡ ಅಂದದ್ದಕ್ಕೆ ಸಂಜೆ ಶಕ್ತಿ ಸೋರಿಹೋಗುವುದಿಲ್ಲ. ಗಂಟೆಗಟ್ಟಲೆ ತಲೆ ಓಡಿಸಿದರೆ ಮಾತ್ರ ಓಟ ಭಾರವಾಗುತ್ತದೆ.

ನಿಮ್ಮ ಟ್ರೇನರ್ ಹೇಳಿದ 40%. ಅದನ್ನು ಯಾರೂ ಅಳೆದು ಕಂಡುಹಿಡಿದದ್ದಲ್ಲ, ಹುರಿದುಂಬಿಸಲು ಹುಟ್ಟಿದ ಸಂಖ್ಯೆ. ಆದರೆ ಅದರೊಳಗೆ ಒಂದು ನಿಜ ಇದೆ, ಅದನ್ನು ತಳ್ಳಿಹಾಕುವುದು ಅನ್ಯಾಯ. 2010ರಲ್ಲಿ ಮಾರ್ಕೋರಾ ಇನ್ನೊಂದು ಪ್ರಯೋಗದಲ್ಲಿ ರಗ್ಬಿ ಆಟಗಾರರಿಗೆ ಸುಮಾರು 240 ವ್ಯಾಟ್‌ನಲ್ಲಿ ಸೈಕಲ್ ತುಳಿಯಲು ಹೇಳಿದರು. ‘ಇನ್ನು ಸಾಧ್ಯವಿಲ್ಲ’ ಅಂತ ನಿಂತ ತಕ್ಷಣ ಐದು ಸೆಕೆಂಡು ಪೂರ್ತಿ ಬಲ ಹಾಕಿ ಅಂದರೆ ಅವರೇ 700 ವ್ಯಾಟ್‌ಗಿಂತ ಜಾಸ್ತಿ ತೆಗೆದರು. ಅಂದರೆ ಸ್ನಾಯು ಸೋಲುವ ಮುಂಚೆ ನಾವು ನಿಲ್ಲುತ್ತೇವೆ. ಆದರೆ ಅದು ಐದು ಸೆಕೆಂಡಿನ ಮಾತು. ಇನ್ನೂ 60% ದೂರ ಓಡಬಹುದು ಅಂತ ಅದು ಹೇಳುವುದಿಲ್ಲ. ಆ ಮೀಸಲು ಇರುವುದಕ್ಕೂ ಕಾರಣವಿದೆ, ದೇಹದ ಸುರಕ್ಷೆಗೆ.

ವಾಂತಿ ಮನೋಬಲದ ಗುರುತಲ್ಲ. ತೀವ್ರ ವ್ಯಾಯಾಮದಲ್ಲಿ ರಕ್ತ ಹೊಟ್ಟೆಯಿಂದ ಸ್ನಾಯುಗಳ ಕಡೆ ಹೋಗುತ್ತದೆ, ಹೊಟ್ಟೆ ತಿರುಗಿಸುತ್ತದೆ, ಅಷ್ಟೇ. ರೂಢಿಯಿಲ್ಲದ ಕೆಲಸವನ್ನು ಮಿತಿ ಮೀರಿ ಮಾಡಿಸಿದರೆ ಇದಕ್ಕಿಂತ ದೊಡ್ಡ ಅಪಾಯ ಇದೆ: ಸ್ನಾಯುವಿನ ಜೀವಕೋಶಗಳು ಒಡೆದು ಅದರ ತ್ಯಾಜ್ಯ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ವ್ಯಾಯಾಮದ ಮರುದಿನ ಅಥವಾ ಅದರ ಮರುದಿನ ಮೈ ವಿಪರೀತ ನೋವು, ಊತ, ಮೂತ್ರ ಕಡು ಕಂದು ಬಣ್ಣ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ದಂಡನೆ ಅಂತ ಡಬಲ್ ಮಾಡುವ ನಿಮ್ಮ ಪದ್ಧತಿಗೂ ಇದೇ ಅಪಾಯ ಇದೆ.

21 ದಿನದ ಲೆಕ್ಕ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂದರು ಅವರು. ಬಾಯಿಂದ ಬಾಯಿಗೆ ಬರುವಾಗ ‘ಕಡಿಮೆ ಅಂದರೂ’ ಬಿದ್ದುಹೋಯಿತು, ಮುಖ ಹೋಗಿ ರೂಢಿ ಬಂತು. ನಿಜವಾಗಿ ಅಳೆದು ನೋಡಿದ್ದು ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಂದು ಕೆಲಸ ಯೋಚನೆಯಿಲ್ಲದೆ ನಡೆಯುವ ಹಂತಕ್ಕೆ ಬರಲು ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ ಅಂದಾಜು 254 ದಿನ. ನಡುವಿನ ಸಂಖ್ಯೆ 66. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ಅಂದರೆ ನಿಮ್ಮ ವಾರ ಕೆಡುತ್ತಿರುವುದು ತಪ್ಪಿದ ಆ ದಿನದಿಂದಲ್ಲ. ಆ ದಿನಕ್ಕೆ ನೀವು ಕೊಡುವ ಅರ್ಥದಿಂದ. ಚಟ ಬಿಡಿಸುವ ಕ್ಷೇತ್ರದಲ್ಲಿ ಕೆಲಸ ಮಾಡಿದ ಅಲನ್ ಮಾರ್ಲಟ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದರು. ನಿಯಮ ಒಮ್ಮೆ ಮುರಿದಾಗ ‘ನಾನೇ ಇಂಥವನು’ ಅಂದುಕೊಂಡವರು ಪೂರ್ತಿ ಜಾರುತ್ತಾರೆ, ‘ಇವತ್ತು ಪರಿಸ್ಥಿತಿ ಹೀಗಿತ್ತು’ ಅಂದುಕೊಂಡವರು ವಾಪಸ್ ಬರುತ್ತಾರೆ. ಶಿಕ್ಷೆ ಇದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ನಾಳೆ ಹೋದರೆ ಡಬಲ್ ಮಾಡಬೇಕು ಅಂತ ಗೊತ್ತಿದ್ದರೆ ಯಾರಿಗೆ ಹೋಗಲು ಮನಸ್ಸು ಬರುತ್ತದೆ ಹೇಳಿ? ಸೋತಾಗ ತನ್ನ ಮೇಲೆ ತಾನು ಮೃದುವಾಗಿದ್ದರೆ ಸೋಮಾರಿತನ ಬರುತ್ತದೆ ಅನ್ನುವ ಭಯ ಬಹಳ ಜನಕ್ಕಿದೆ. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ತಿರುಗುಮುರುಗು: ಕಷ್ಟದ ಪರೀಕ್ಷೆಯಲ್ಲಿ ಎಡವಿದ ಮೇಲೆ ತಮ್ಮ ಜೊತೆ ದಯೆಯಿಂದ ನಡೆದುಕೊಂಡವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಹಾಗಾಗಿ ಇವತ್ತಿಂದ ಸಾಲ ತೀರಿಸುವ ಪದ್ಧತಿ ಬೇಡ. ತಪ್ಪಿದ್ದು ತಪ್ಪಿತು, ಮುಂದಿನ ದಿನ ಪಟ್ಟಿಯಲ್ಲಿ ಏನಿದೆಯೋ ಅಷ್ಟೇ. ಜೊತೆಗೆ ಒಂದು ‘ಕನಿಷ್ಠ ದಿನ’ ಇಟ್ಟುಕೊಳ್ಳಿ. ಬಟ್ಟೆ ಬದಲಿಸಿ ಹತ್ತು ನಿಮಿಷ ಏನಾದರೂ ಮಾಡಿದರೆ ಅವತ್ತಿನ ಲೆಕ್ಕ ಮುಗಿಯಿತು. ಇದರಲ್ಲೂ ಒಂದು ಅಪಾಯ ಇದೆ, ಕೆಲವರಿಗೆ ಕನಿಷ್ಠವೇ ದಿನನಿತ್ಯದ್ದಾಗಿಬಿಡುತ್ತದೆ. ವಾರಕ್ಕೆ ಒಂದಕ್ಕಿಂತ ಜಾಸ್ತಿ ಕನಿಷ್ಠ ದಿನ ಬರುತ್ತಿದ್ದರೆ ನಿಮ್ಮ ಪಟ್ಟಿಯೇ ನಿಮ್ಮ ಬದುಕಿಗೆ ದೊಡ್ಡದಾಗಿದೆ ಅಂತ ತಿಳಿದು ಒಂದು ದಿನ ಕಡಿಮೆ ಮಾಡಿ.

ಮತ್ತೆ, ‘ಈ ವಾರ ಮೂರು ದಿನ ಹೋಗುತ್ತೇನೆ’ ಅನ್ನುವುದು ಬರೀ ಆಸೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಬರೆದಿಡುವುದು ಬೇರೆಯೇ ಕೆಲಸ. 2002ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ವಾರಕ್ಕೆ ಒಮ್ಮೆಯಾದರೂ 20 ನಿಮಿಷ ಜೋರು ವ್ಯಾಯಾಮ ಮಾಡಲು ಹೇಳಲಾಗಿತ್ತು. ಪ್ರೇರಣೆಯ ಬರಹ ಓದಿದವರಲ್ಲಿ ಮಾಡಿದವರು 35%, ಏನೂ ಓದದವರಲ್ಲಿ 38%. ಅದೇ ಬರಹ ಓದಿ, ಜೊತೆಗೆ ಸಮಯ ಮತ್ತು ಜಾಗ ಬರೆದಿಟ್ಟವರಲ್ಲಿ 91%. ಪ್ರೇರಣೆಯ ವಿಡಿಯೋಗಳನ್ನು ನೋಡಿ ಆರಂಭಶೂರರಾಗುವವರಿಗೆ ನಾನು ಮೊದಲು ಹೇಳುವುದು ಈ ಅಂಕಿಗಳನ್ನೇ. ಅಡ್ಡಿಗಳನ್ನೂ ಹೀಗೇ ಬರೆಯಿರಿ: ‘ಆಫೀಸ್ ಏಳಕ್ಕೆ ಬಿಡದಿದ್ದರೆ, ಮನೆಗೆ ಬಂದ ಕೂಡಲೇ ಕನಿಷ್ಠ ದಿನ ಮಾಡುತ್ತೇನೆ.’ ತೀರ್ಮಾನ ಮೊದಲೇ ಆಗಿದ್ದರೆ ಸುಸ್ತಾದ ಹೊತ್ತಲ್ಲಿ ನಿಮ್ಮ ಜೊತೆ ನೀವೇ ವಾದ ಮಾಡಬೇಕಿಲ್ಲ.

ನಾಲ್ಕೂವರೆಗೆ ಏಳುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮಲಗುವ ಹಾಗಿದ್ದರೆ ಏಳಿ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು, ಅದನ್ನು ಕತ್ತರಿಸಿ ತಂದ ಶಿಸ್ತು ಸಂಜೆ ಓಟದಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ. ತಣ್ಣೀರು ಸ್ನಾನ ನಿಮಗೆ ಖುಷಿ ಕೊಟ್ಟರೆ ಮಾಡಿ, ಆದರೆ ಅದು ಕಲಿಸುವುದು ಮುಖ್ಯವಾಗಿ ತಣ್ಣೀರನ್ನು ತಡೆದುಕೊಳ್ಳುವುದನ್ನು. ತೀರಾ ತಣ್ಣನೆಯ ನೀರು ಮೈಗೆ ತಾಗಿದಾಗ ಉಸಿರು ಎಳೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು.

ಇನ್ನು ಓಟದಲ್ಲೇ ಮಾಡುವ ಮನಸ್ಸಿನ ಅಭ್ಯಾಸ. ಇದಕ್ಕೆ ಬೇರೆ ಸಮಯ ಬೇಡ. ವಾರದ ಒಂದೇ ಓಟದಲ್ಲಿ, ಕೊನೆಯ ಐದು ನಿಮಿಷ ಮಾತ್ರ. ವೈದ್ಯರು ಓಟ ಬೇಡ ಅಂದರೆ ಸೈಕಲ್ ಮೇಲೆ ಮಾಡಿ. ಹೊರಡುವ ಮುಂಚೆಯೇ ನಿಲ್ಲುವ ನಿಯಮ ಗೊತ್ತು ಮಾಡಿಕೊಳ್ಳಿ. ‘ಸಾಕು’ ಅನ್ನಿಸಿದ ಕೂಡಲೇ ನಿಲ್ಲುವುದಿಲ್ಲ, ವೇಗ ಸ್ವಲ್ಪ ಇಳಿಸಿ 20 ಉಸಿರು ಎಣಿಸುತ್ತೇನೆ, ಆಮೇಲೆ ತೀರ್ಮಾನ. ಎಣಿಸುವಾಗ ಮೈಯನ್ನು ವಿಚಾರಿಸಿ. ಉಸಿರು ಭಾರ, ತೊಡೆ ಉರಿ, ಬೇಸರ: ಇವು ಶ್ರಮದ ಸುದ್ದಿ, ಇವುಗಳ ಜೊತೆ ಸ್ವಲ್ಪ ದೂರ ಹೋಗಬಹುದು. ಒಂದೇ ಜಾಗದ ಚುಚ್ಚು ನೋವು, ಕುಂಟು ಹೆಜ್ಜೆ, ಎದೆ ಬಿಗಿತ, ತಲೆ ಸುತ್ತು: ಇವು ಬೇರೆ ಸುದ್ದಿ. ಆಗ ಎಣಿಸುವುದೂ ಬೇಡ, ನಿಂತುಬಿಡಿ. ಶ್ರಮವನ್ನೂ ಅಪಾಯವನ್ನೂ ಬೇರೆ ಮಾಡಿ ಗುರುತಿಸುವುದೇ ಇಲ್ಲಿ ಕಲಿಯಬೇಕಾದ ಕೌಶಲ್ಯ. ವಾಂತಿ ಬರುವವರೆಗೆ ಮಾಡಿ ಅನ್ನುವ ತರಬೇತಿ ಇದನ್ನು ಕಲಿಸುವುದಿಲ್ಲ, ಎರಡನ್ನೂ ಒಂದೇ ಥರ ತುಳಿಯುವುದನ್ನು ಕಲಿಸುತ್ತದೆ.

ಆ ಐದು ನಿಮಿಷದಲ್ಲಿ ನಿಮಗೆ ನೀವೇ ಏನು ಹೇಳಿಕೊಳ್ಳುತ್ತೀರಿ ಅನ್ನುವುದನ್ನೂ ಬರೆದು ನೋಡಿ. 2014ರಲ್ಲಿ 24 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಎರಡು ವಾರ ತಮ್ಮದೇ ಮಾತುಗಳನ್ನು ಆರಿಸಿ ಅಭ್ಯಾಸ ಮಾಡಿದವರು ಸೈಕಲ್ ಮೇಲೆ ಸರಾಸರಿ 18% ಹೆಚ್ಚು ಹೊತ್ತು ಉಳಿದರು. ಕಷ್ಟವೂ ಕಡಿಮೆ ಅನ್ನಿಸಿತು. ಘೋಷಣೆ ಬೇಕಿಲ್ಲ. ನಂಬಲಾಗದ ದೊಡ್ಡ ಮಾತು ಕಷ್ಟದ ಹೊತ್ತಲ್ಲಿ ಬಾಯಿಗೇ ಬರುವುದಿಲ್ಲ. ‘ಕಾಲು ಭಾರ ಇದೆ, ಉಸಿರು ಸರಿ ಇದೆ, ಆ ಮರದವರೆಗೆ ಹೋಗೋಣ’, ಇಂಥದ್ದು ಕೆಲಸ ಮಾಡುತ್ತದೆ. ಜಿಮ್‌ನಲ್ಲಿ ಒಂದೇ ಬದಲಾವಣೆ ಸಾಕು: ಸೆಟ್‌ಗಳ ನಡುವೆ ಫೋನ್ ಬ್ಯಾಗಿನಲ್ಲಿರಲಿ, ಉಸಿರು ತಹಬಂದಿಗೆ ಬರುವವರೆಗೆ ಉಸಿರನ್ನೇ ಗಮನಿಸಿ.

ಒಂದು ಮಾತು ಜನರಿಗೆ ಒಪ್ಪಲು ಕಷ್ಟ. ಚೆನ್ನಾಗಿ ಓಡುತ್ತಿದ್ದ ದಿನ, ಇನ್ನೂ ಎರಡು ಕಿಲೋಮೀಟರ್ ಹೋಗಬಹುದು ಅನ್ನಿಸಿದಾಗಲೂ, ಪಟ್ಟಿಯಲ್ಲಿದ್ದಷ್ಟಕ್ಕೆ ನಿಲ್ಲಿಸಿ. ಅದೂ ಶಿಸ್ತೇ. ಹುರುಪು ಬಂದಾಗ ಮುಂದುವರಿಯುವುದು, ಬೇಸರ ಬಂದಾಗ ನಿಲ್ಲುವುದು, ಎರಡರಲ್ಲೂ ತೀರ್ಮಾನ ಮಾಡುತ್ತಿರುವುದು ಆ ಗಳಿಗೆಯ ಮೂಡ್, ನೀವಲ್ಲ. ದಿನಚರಿಯಲ್ಲಿ ದೂರ, ವೇಗದ ಪಕ್ಕ ಇನ್ನೊಂದು ಅಂಕಣ ಹಾಕಿ: ಇವತ್ತು ನಿಲ್ಲುವ ನಿಯಮದಂತೆ ನಿಂತೆನೇ? ಹೌದು ಅಥವಾ ಇಲ್ಲ. ಎರಡು ತಿಂಗಳು ಇದನ್ನು ನೋಡಿ, ಆಮೇಲೆ ಐದು ನಿಮಿಷವನ್ನು ಎಂಟು ಮಾಡಿ.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಸರಿಹೋಗುವುದಿಲ್ಲ, ಅದಕ್ಕೆ ಕಾರಣ ಬೇರೆ ಇರುತ್ತದೆ. ಬೆಳಗ್ಗೆ ಏಳುವ ಹೊತ್ತಿನ ನಾಡಿ ಬಡಿತ ಹಲವು ದಿನದಿಂದ ಏರಿಯೇ ಇದ್ದರೆ, ನಿದ್ದೆ ಕೆಟ್ಟಿದ್ದರೆ, ಸಣ್ಣದಕ್ಕೂ ಸಿಡುಕುತ್ತಿದ್ದರೆ, ಮೊದಲು ಸುಲಭವಾಗಿದ್ದ ತೂಕ ಈಗ ಏಳದಿದ್ದರೆ ದೇಹಕ್ಕೆ ವಿಶ್ರಾಂತಿ ಸಾಲುತ್ತಿಲ್ಲ. ಒಂದು ವಾರ ಅರ್ಧಕ್ಕೆ ಇಳಿಸಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ವೈದ್ಯರು ರಕ್ತಪರೀಕ್ಷೆ ಮಾಡಿಸಲಿ, ರಕ್ತಹೀನತೆ, ಥೈರಾಯ್ಡ್ ತೊಂದರೆ ಎಷ್ಟೋ ಸಲ ಸೋಮಾರಿತನದ ವೇಷದಲ್ಲಿ ಬರುತ್ತವೆ. ವಿಶ್ರಾಂತಿಯ ದಿನ ತಪ್ಪಿತಸ್ಥ ಭಾವ ತಡೆಯಲಾಗದಿದ್ದರೆ, ತಿಂದದ್ದಕ್ಕೆ ಪ್ರಾಯಶ್ಚಿತ್ತ ಅಂತ ವ್ಯಾಯಾಮ ಮಾಡುತ್ತಿದ್ದರೆ, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಕ್ರೀಡಾ ಮನೋವಿಜ್ಞಾನಿಯನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮೊದಲ ಭೇಟಿಗೆ ಕಳೆದ ಒಂದು ತಿಂಗಳ ವ್ಯಾಯಾಮ, ನಿದ್ದೆಯ ಗಂಟೆ, ಆಫೀಸ್ ಬಿಟ್ಟ ಸಮಯ ಇವಿಷ್ಟನ್ನು ಬರೆದುಕೊಂಡು ಹೋಗಿ. ಕಾರಣ ಎಲ್ಲಿದೆ ಅಂತ ಹುಡುಕಲು ಅವರಿಗೂ ಸುಲಭವಾಗುತ್ತದೆ.